ಬಾಸ್ ಮೀನಿಗೆಂದು ಮಾಡಿದ ಪ್ಲಾಸ್ಟಿಕ್ ಹುಳುವನ್ನು ನಮ್ಮ ಕೆರೆಯಲ್ಲಿ ಬಳಸುವುದು ಹೇಗೆ? ಮೂರು ಸಲ ಕಚ್ಚಿದರೂ ಒಂದೂ ಸಿಗಲಿಲ್ಲ

ಪ್ರಶ್ನೆ: ವರದಾದಂಡೆ (ಹಾನಗಲ್ಲ ತಾಲ್ಲೂಕು, ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತ ಬೆಳೆದವನು ನಾನು. ರಾಡು, ರೀಲು ಕೈಗೆ ಬಂದು ಎರಡು ವರ್ಷವಷ್ಟೇ ಆಯಿತು. ನಮ್ಮೂರ ಕೆರೆಯನ್ನು ಗುತ್ತಿಗೆ ಹಿಡಿದಿರುವ ಮೀನುಗಾರರ ಸಂಘದವರು ಭಾನುವಾರ ಬೆಳಿಗ್ಗೆ ಕೋಡಿಯ ಕಡೆಯ ದಂಡೆಯಲ್ಲಿ ಒಂದು ರಾಡು ಹಾಕಿಕೊಳ್ಳಲು ನನಗೆ ಅನುಮತಿ ಕೊಟ್ಟಿದ್ದಾರೆ. ಅವರು ಬಿಟ್ಟು ಸಾಕುತ್ತಿರುವ ಕಾಟ್ಲಾ, ರೋಹು ನನಗೆ ಬೇಡ. ಜೊಂಡಿನ ಅಂಚಿಗೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಮುಳುಗುವ ಮುರ್ಲು ಮೀನಿನ ಮೇಲೆಯೇ ನನ್ನ ಕಣ್ಣಿದೆ. ಪೇಟೆಯಲ್ಲಿ ಇದನ್ನು ಮುರೆಲ್ ಎಂದು ಮಾರುತ್ತಾರೆ.

ಕಳೆದ ತಿಂಗಳು ಡಲ್ಲಾಸ್‌ನಿಂದ ರಜೆಗೆ ಬಂದ ಭಾವ ನನಗಾಗಿ ಆರು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳ ಎರಡು ಪಾಕೀಟು, ಕತ್ತಿನ ಬಳಿ ಎರಡು ಮಡಿಕೆ ಇರುವ ವಿಚಿತ್ರ ಆಕಾರದ ಗಾಳಗಳು ಮತ್ತು ಬಂದೂಕಿನ ಗುಂಡಿನಂಥ ಚೂಪು ತಲೆಯ 14 ಗ್ರಾಂ ತೂಕದ ಗುಂಡುಗಳನ್ನು ತಂದುಕೊಟ್ಟರು. ಅಲ್ಲಿ ಬಾಸ್ ಎಂಬ ಮೀನನ್ನು ಹೀಗೆಯೇ ಹಿಡಿಯುತ್ತಾರಂತೆ, ಗಾಳದ ಮೊನೆ ಹುಳುವಿನ ಒಳಗೇ ಅಡಗಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದಿಲ್ಲವಂತೆ. ಅವರು ಸ್ವತಃ ಮೀನು ಹಿಡಿಯುವವರಲ್ಲ, ಅಂಗಡಿಯವನು ಹೇಳಿದ್ದನ್ನು ನನಗೆ ಹೇಳಿ ಹೋದರು.

ಎರಡು ಭಾನುವಾರ ಪ್ರಯತ್ನಿಸಿದೆ. ಹತ್ತು ಸಲ ಎಸೆಯುವಷ್ಟರಲ್ಲಿ ದಾರವೆಲ್ಲ ಹುರಿಗಟ್ಟಿ, ರೀಲಿನಿಂದ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಕಳೆಗೆ ಸಿಕ್ಕುವುದಿಲ್ಲ ಎಂದ ಗಾಳ ಪ್ರತಿ ಸಲವೂ ಅಂಗೈಯಷ್ಟು ಪಾಚಿ ಹೊತ್ತು ಬರುತ್ತಿತ್ತು. ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ್ದು ಮೂರನೆಯ ಸಂಗತಿ: ಮೂರು ಸಲ ಮೀನು ಖಂಡಿತವಾಗಿ ಹಿಡಿಯಿತು, ಮೂರು ಸಲವೂ ನಾನು ಎಳೆದಾಗ ಬರಿಗಾಳ ಬಂತು. ಒಮ್ಮೆ ಹುಳುವಿನ ಬಾಲವೇ ಹರಿದಿತ್ತು, ಇನ್ನೊಮ್ಮೆ ಹುಳು ಪೂರ್ತಿ ಕೆಳಗೆ ಜಾರಿ ಗಾಳದ ಬಾಗಿನಲ್ಲಿ ಮುದ್ದೆಯಾಗಿ ಕೂತಿತ್ತು. ಹುಳುವನ್ನು ಏರಿಸುವ ಸರಿಯಾದ ಕ್ರಮ ಯಾವುದು, ಎಷ್ಟು ತೂಕ ಬೇಕು, ಕಚ್ಚಿದ್ದು ಗೊತ್ತಾದ ಮೇಲೆ ಯಾವಾಗ ಎಳೆಯಬೇಕು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಉಣಕಲ್ಲದವ (ಹುಬ್ಬಳ್ಳಿ)

ನಾನು ಟೆಕ್ಸಾಸ್‌ನ ಪೂರ್ವ ಭಾಗದಲ್ಲಿ ಆರು ವರ್ಷ ಕೆಲಸದಲ್ಲಿದ್ದೆ. ಲೇಕ್ ಫೋರ್ಕ್ ಎಂಬ ದೊಡ್ಡ ಜಲಾಶಯ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಅಲ್ಲಿ ನೀರಲ್ಲಿ ಮುಳುಗಿ ಸತ್ತ ಮರಗಳ ನಡುವೆ ಈ ಹುಳುಗಳನ್ನು ಬಿಟ್ಟು ಸಾಕಷ್ಟು ಬಾಸ್ ಹಿಡಿದಿದ್ದೇನೆ, ಅದಕ್ಕಿಂತ ಹೆಚ್ಚು ಕಳೆದುಕೊಂಡಿದ್ದೇನೆ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಒಂದೇ ಕಾರಣವಿದೆ: ನಿಮ್ಮ ಹುಳು ಗಾಳದ ಮೇಲೆ ನೇರವಾಗಿ ಕೂತಿಲ್ಲ.

ಮೊದಲು ಈ ವಸ್ತುವಿನ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎಂಬವರು 1949ರಲ್ಲಿ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣಗಳನ್ನು ಕಾಯಿಸಿ ಅಚ್ಚಿಗೆ ಹೊಯ್ದು ಮೆತ್ತನೆಯ ಹುಳು ಮಾಡಿದರು. ಮುಂದೆ ಅವರ ಕಾರ್ಖಾನೆ ಟೆಕ್ಸಾಸ್‌ನ ಟೈಲರ್‌ಗೆ ಬಂತು. ಮೊದಮೊದಲು ಆ ಹುಳುಗಳಿಗೆ ಗಾಳಗಳನ್ನು ಮೊನೆ ಹೊರಗೆ ಕಾಣುವಂತೆ ಕಟ್ಟಿ ಮಾರುತ್ತಿದ್ದರು. ಮರದ ಬೊಡ್ಡೆಗಳೇ ತುಂಬಿರುವ ಟೆಕ್ಸಾಸ್‌ನ ಜಲಾಶಯಗಳಲ್ಲಿ ಆ ಕ್ರಮ ನಡೆಯುವಂತಿರಲಿಲ್ಲ. ಮೊನೆಯನ್ನು ಹುಳುವಿನ ಮೈಯೊಳಗೆ ಬಚ್ಚಿಟ್ಟು ಮುಂದೆ ಚೂಪು ಗುಂಡು ಹಾಕುವ ವಿಧಾನ ರೂಢಿಗೆ ಬಂದು, ಅದಕ್ಕೆ ಟೆಕ್ಸಾಸ್ ರಿಗ್ ಎಂಬ ಹೆಸರು ನಿಂತಿತು. ನಿಮ್ಮ ಭಾವ ತಂದ ಸಾಮಾನೆಲ್ಲ ಈ ರಿಗ್ಗಿನದೇ.

ಈಗ ಕಟ್ಟುವ ಕ್ರಮ. ಗುಂಡಿನ ಚೂಪು ತುದಿ ರಾಡಿನ ಕಡೆಗೆ, ಅಗಲ ತುದಿ ಗಾಳದ ಕಡೆಗೆ ಬರುವಂತೆ ದಾರವನ್ನು ಮೊದಲು ಗುಂಡಿನೊಳಗೆ ತೂರಿಸಿ, ಆಮೇಲೆ ಗಾಳ ಕಟ್ಟಿ. ದಾರವನ್ನು ಎರಡಾಗಿ ಮಡಚಿ ಗಾಳದ ಕಣ್ಣಿಗೆ ತೂರಿಸಿ ಹಾಕುವ ಪಾಲೋಮಾರ್ ಗಂಟು ಇದಕ್ಕೆ ಅತ್ಯುತ್ತಮ. ಬಿಗಿಯುವ ಮುನ್ನ ಗಂಟನ್ನು ಉಗುಳಿನಿಂದ ಒದ್ದೆ ಮಾಡುವುದನ್ನು ಮರೆಯಬೇಡಿ, ಒಣಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರ ಅಲ್ಲಿಯೇ ದುರ್ಬಲವಾಗುತ್ತದೆ. ಆರು ಇಂಚಿನ ಹುಳುವಿಗೆ 3/0 ಅಳತೆಯ ಗಾಳ ಸಾಕು, ಏಳೆಂಟು ಇಂಚಿನದಕ್ಕೆ 4/0 ಬೇಕಾಗುತ್ತದೆ.

ಹುಳುವನ್ನು ಬೆಳಕಿಗೆ ಹಿಡಿದು ನೋಡಿ. ಅಚ್ಚಿನ ಎರಡು ಭಾಗಗಳು ಕೂಡಿದ ಜಾಗದಲ್ಲಿ ತಲೆಯಿಂದ ಬಾಲದವರೆಗೆ ಕೂದಲೆಳೆಯಂಥ ಒಂದು ಗೆರೆ ಕಾಣುತ್ತದೆ. ಆ ಗೆರೆಯೇ ನಿಮಗೆ ದಾರಿ. ಗಾಳದ ಮೊನೆಯನ್ನು ತಲೆಯ ನಟ್ಟನಡುವೆ ಚುಚ್ಚಿ, ಸುಮಾರು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಒಳಗೆ ಒಯ್ದು, ಗೆರೆಯ ಮೇಲೆಯೇ ಹೊರತೆಗೆಯಿರಿ. ಹುಳುವನ್ನು ಗಾಳದ ಮೇಲೆ ಜಾರಿಸುತ್ತ, ದಾರ ಕಟ್ಟಿದ ಗಾಳದ ಕಣ್ಣಿನವರೆಗೆ ತನ್ನಿ. ತಲೆ ಆ ಎರಡು ಮಡಿಕೆಗಳನ್ನು ದಾಟಿ ಕೂತಾಗ ಅದು ಹಿಂದೆ ಜಾರುವುದಿಲ್ಲ. ಮಡಿಕೆ ಇರುವುದೇ ಅದಕ್ಕಾಗಿ. ನಂತರ ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆ ಹುಳುವಿನ ಮೈಯ ಕಡೆಗೆ ನೋಡುವಂತೆ ಮಾಡಿ.

ಮುಂದಿನ ಒಂದು ಹೆಜ್ಜೆಯಲ್ಲಿಯೇ ಎಲ್ಲರೂ ತಪ್ಪುವುದು. ಮೊನೆಯನ್ನು ಕೂಡಲೇ ಚುಚ್ಚಬೇಡಿ. ಹುಳು ತನ್ನ ತೂಕಕ್ಕೆ ನೇರವಾಗಿ ಜೋತುಬೀಳಲಿ, ಗಾಳವನ್ನು ಅದರ ಪಕ್ಕಕ್ಕೆ ಹಿಡಿದು, ಗಾಳದ ಬಾಗಿನ ತಳ ಹುಳುವಿನ ಮೈಯ ಯಾವ ಜಾಗಕ್ಕೆ ಬರುತ್ತದೆ ಎಂದು ನೋಡಿ, ಹೆಬ್ಬೆರಳಿನ ಉಗುರಿನಿಂದ ಅಲ್ಲಿ ಸಣ್ಣ ಗುರುತು ಮಾಡಿಕೊಳ್ಳಿ. ಹುಳುವನ್ನು ಸ್ವಲ್ಪ ಬಾಗಿಸಿ ಆ ಗುರುತಿನಲ್ಲಿ, ಗೆರೆ ಬಿಡದೆ, ಮೊನೆಯನ್ನು ಆರಪಾರು ತೂರಿಸಿ. ಕೈ ಬಿಟ್ಟಾಗ ಹುಳು ಪಟ್ಟಿ ಇಟ್ಟು ಎಳೆದ ಗೆರೆಯಂತೆ ನೇರವಾಗಿ ನಿಲ್ಲಬೇಕು. ಗುರುತಿಗಿಂತ ಬಾಲದ ಕಡೆಗೆ ಚುಚ್ಚಿದರೆ ಹುಳು ಗೂನುಬೆನ್ನಾಗುತ್ತದೆ, ತಲೆಯ ಕಡೆಗೆ ಚುಚ್ಚಿದರೆ ಹಿಗ್ಗಿಕೊಂಡು ಮೊದಲ ಎಸೆತಕ್ಕೇ ತಲೆ ಹರಿಯುತ್ತದೆ. ಗೂನಾದ ಹುಳು ಎಳೆಯುವಾಗ ನೀರಿನಲ್ಲಿ ಗಾಳಿಪಟದ ಬಾಲದಂತೆ ಗಿರಗಿರನೆ ತಿರುಗುತ್ತದೆ, ಅದರ ಒಂದೊಂದು ಸುತ್ತೂ ದಾರಕ್ಕೆ ಒಂದೊಂದು ಹುರಿ. ನಿಮ್ಮ ರೀಲಿನ ಸುರುಳಿಗಳಿಗೆ ಕಾರಣ ಇದೇ. ಆರಪಾರು ಬಂದ ಮೊನೆಯನ್ನು ಕೊನೆಗೆ ಹುಳುವಿನ ತೊಗಲಿನ ಮೇಲ್ಪದರಕ್ಕೆ ಮಾತ್ರ, ಬಟ್ಟೆಗೆ ಗುಂಡುಪಿನ್ನು ಸಿಕ್ಕಿಸಿದಷ್ಟು ತೆಳುವಾಗಿ ತಾಗಿಸಿ ಮುಚ್ಚಿ. ಕಳೆಯೊಳಗೆ ಅದು ಮುಚ್ಚಿಯೇ ಇರುತ್ತದೆ, ಮೀನಿನ ದವಡೆ ಒತ್ತಿದ ಕ್ಷಣಕ್ಕೆ ಹೊರಬರುತ್ತದೆ.

ತೂಕದ ವಿಷಯ. 14 ಗ್ರಾಂ ನಿಮ್ಮ ಕೆರೆಗೆ ತೀರ ಭಾರ. ಒಂದೂವರೆ ಎರಡು ಮೀಟರು ಆಳದಲ್ಲಿ ಅದು ಕಲ್ಲು ಬಿದ್ದಂತೆ ಬಿದ್ದು ಹೂಳಿನಲ್ಲಿ ಹೂತುಕೊಳ್ಳುತ್ತದೆ, ಎಳೆದಾಗ ಪಾಚಿಯನ್ನು ತಳದಿಂದಲೇ ಕಿತ್ತು ತರುತ್ತದೆ. ಮೂರೂವರೆ ಗ್ರಾಂ ಅಥವಾ ಐದು ಗ್ರಾಂ ಸಾಕು, ಗಾಳಿ ಜೋರಾಗಿದ್ದರೆ ಏಳು ಗ್ರಾಂ. ಬಾಸ್ ಹೆಚ್ಚಾಗಿ ಕಚ್ಚುವುದು ಹುಳು ಕೆಳಗಿಳಿಯುತ್ತಿರುವಾಗ. ಆದ್ದರಿಂದ ಇಳಿಯುವಿಕೆ ನಿಧಾನವಾದಷ್ಟೂ ಒಳ್ಳೆಯದು. ಎಸೆದ ಮೇಲೆ ದಾರವನ್ನು ಬಿಗಿ ಹಿಡಿಯದೆ, ಪೂರ್ತಿ ಬಿಟ್ಟೂ ಬಿಡದೆ, ಅದು ನೀರಿಗಿಳಿಯುವ ಜಾಗವನ್ನೇ ನೋಡುತ್ತಿರಿ. ತಳ ಮುಟ್ಟಿದ ಮೇಲೆ ರಾಡಿನ ತುದಿಯನ್ನು ಗಡಿಯಾರದ ಒಂಬತ್ತರ ಮುಳ್ಳಿನ ಸ್ಥಾನದಿಂದ ಹನ್ನೊಂದಕ್ಕೆ ಮೆಲ್ಲಗೆ ಎತ್ತಿ, ಮತ್ತೆ ಇಳಿಸಿ, ಸಡಿಲಾದ ದಾರವನ್ನು ಮಾತ್ರ ಸುತ್ತಿಕೊಳ್ಳಿ. ಹುಳುವನ್ನು ನಡೆಸಬೇಕಾದದ್ದು ರಾಡಿನಿಂದ. ರೀಲಿನ ಕೆಲಸ ದಾರ ಸುತ್ತಿಕೊಳ್ಳುವುದು ಅಷ್ಟೇ. ದಾರ ಸರಕ್ಕನೆ ಪಕ್ಕಕ್ಕೆ ಸರಿದರೆ, ತಳ ಮುಟ್ಟುವ ಮೊದಲೇ ನಿಂತುಬಿಟ್ಟರೆ, ಅಥವಾ ಬೆರಳಿಗೆ ಟಕ್ ಎಂದು ತಾಗಿದರೆ ಮೀನು ಬಾಯಿಗೆ ಹಾಕಿಕೊಂಡಿದೆ ಎಂದರ್ಥ. ತುದಿ ಇಳಿಸಿ, ಸಡಿಲು ಸುತ್ತಿ, ಕೂಡಲೇ ಬಲವಾಗಿ ಎಳೆಯಿರಿ. ಬಾಸ್ ಬಾಯಿಯನ್ನು ಒಮ್ಮೆಲೇ ಅಗಲಿಸಿ ನೀರಿನ ಸಮೇತ ಹುಳುವನ್ನು ಒಳಗೆಳೆದುಕೊಳ್ಳುತ್ತದೆ, ಒಗ್ಗದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ತಡ ಮಾಡಿದರೆ ಹೋಯಿತು.

ವರದಾದಂಡೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರ ಓದಿ ರಾತ್ರಿಯೇ ಪಡಸಾಲೆಯಲ್ಲಿ ಕೂತು ಒಂದೊಂದಾಗಿ ಏರಿಸಿ ನೋಡಿದೆ. ಗೆರೆ ಹಿಡಿದು, ಗುರುತು ಮಾಡಿ ಚುಚ್ಚಿದರೂ ಹುಳು ನೇರ ನಿಲ್ಲಲಿಲ್ಲ. ಆಮೇಲೆ ಗಮನಕ್ಕೆ ಬಂತು: ಒಂದು ಪಾಕೀಟಿನ ಹುಳುಗಳೆಲ್ಲ ಸೂಟ್‌ಕೇಸಿನಲ್ಲಿ ಮಡಚಿ ಬಂದು ಕುಡಗೋಲಿನಂತೆ ಬಾಗಿಬಿಟ್ಟಿವೆ. ಇವನ್ನು ಬಿಸಾಡಬೇಕೇ? ಇನ್ನೊಂದು ವಿಷಯ, ನಮ್ಮ ಕೆರೆಯ ಅಂಚಿನಲ್ಲಿ ನೀರು ಏರಿದಾಗ ಮುಳುಗಿದ ಬಳ್ಳಾರಿ ಜಾಲಿಯ ಗಿಡಗಳೂ ಇವೆ, ಮುರ್ಲು ಅದರ ಬುಡದಲ್ಲಿಯೇ ಇರುತ್ತದೆ. ಅಂಥಲ್ಲಿ ಈ ರಿಗ್ ನಡೆಯುತ್ತದೆಯೇ?

ಉತ್ತರ: ಹಮ್ಮಿಗಿಕಡೆ (ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ)

ಹುಬ್ಬಳ್ಳಿಯವರು ಬರೆದ ಕಟ್ಟುವ ಕ್ರಮದಲ್ಲಿ ಒಂದಕ್ಷರ ತೆಗೆಯುವಂತಿಲ್ಲ. ಆದರೆ ಎಳೆಯುವ ಸಮಯದ ಬಗ್ಗೆ ಅವರ ಮಾತು ಬಾಸ್‌ಗೆ ಸರಿಯೇ ಹೊರತು ಮುರ್ಲಿಗೆ ಸರಿಯಲ್ಲ ಎಂದು ನಾನು ಗೌರವದಿಂದಲೇ ಹೇಳಬೇಕಾಗಿದೆ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಈ ಮೀನಿನ ಬೆನ್ನು ಹತ್ತಿ ನನಗೆ ಹನ್ನೆರಡು ವರ್ಷವಾಯಿತು. ಮೊದಲ ಎರಡು ವರ್ಷ ಅವಸರದಿಂದ ಎಳೆದೇ ಮೀನು ಕಳೆದುಕೊಂಡೆ.

ಬಾಸ್, ಮುರ್ಲು ಎರಡೂ ಹೊಂಚು ಹಾಕಿ ಹಿಡಿಯುವ ಮೀನುಗಳು, ಎರಡೂ ಕಳೆಯ ನೆರಳನ್ನು ಬಯಸುವಂಥವು. ಬಾಸಿಗೆಂದು ಮಾಡಿದ ಸಾಮಾನು ಇಲ್ಲಿ ನಡೆಯುವುದು ಅದರಿಂದಲೇ. ಬಾಯಿ ಮಾತ್ರ ಬೇರೆ. ಬಾಸ್ ಹೀರಿಕೊಳ್ಳುತ್ತದೆ ಎಂದು ಅವರೇ ಬರೆದಿದ್ದಾರೆ. ಮುರ್ಲಿಗೆ ಚೂಪು ಹಲ್ಲುಗಳಿವೆ, ಅದು ಮೇಲೆರಗಿ ಕಚ್ಚಿ ಹಿಡಿಯುತ್ತದೆ, ಬಹಳ ಸಲ ಬಾಲದ ಕಡೆಯಿಂದ ಹಿಡಿದು, ತಿರುಗಿ ತನ್ನ ಜಾಗಕ್ಕೆ ಒಯ್ಯುತ್ತ ಬಾಯೊಳಗೆ ಸರಿಪಡಿಸಿಕೊಳ್ಳುತ್ತದೆ. ನಿಮ್ಮ ಹುಳುವಿನ ಬಾಲ ಹರಿದು ಬಂದದ್ದು ಇದಕ್ಕೇ. ಟಕ್ ಎಂದಾಗ ಎಳೆದರೆ ಗಾಳ ಇನ್ನೂ ಬಾಯಿಯ ಹೊರಗಿರುತ್ತದೆ. ನಾನು ತುದಿ ಇಳಿಸಿ, ದಾರ ನಿಧಾನಕ್ಕೆ ನಡೆಯಲು ಬಿಟ್ಟು, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ, ದಾರ ಭಾರವಾಗಿ ಹೋಗುತ್ತಿದೆ ಎಂದು ಬೆರಳಿಗೆ ಗೊತ್ತಾದ ಮೇಲೆ ಎಳೆಯುತ್ತೇನೆ. ಜಾಲಿಯ ಬುಡದಲ್ಲಿ ಮಾತ್ರ ಎರಡಕ್ಕೇ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಮುಳ್ಳಿನೊಳಗೆ ಹೊಕ್ಕು ದಾರವನ್ನು ಸುತ್ತಿಬಿಡುತ್ತದೆ.

ಆರು ಇಂಚಿನ ಹುಳುವನ್ನು ಹಾಗೆಯೇ ಬಳಸಬೇಡಿ. ತಲೆಯ ಕಡೆಯಿಂದ ಒಂದೂವರೆ ಇಂಚು ಕತ್ತರಿಸಿ ಹಾಕಿ. ಬಾಲದ ಆಟ ಹಾಗೆಯೇ ಉಳಿಯುತ್ತದೆ, ಗಾಳದ ಮೊನೆ ಬಾಲಕ್ಕೆ ಹತ್ತಿರವಾಗುತ್ತದೆ, ಹಿಂದಿನಿಂದ ಹಿಡಿದ ಮೀನೂ ಸಿಗುತ್ತದೆ. ಈ ಒಂದು ಬದಲಾವಣೆಯಿಂದ ನನ್ನ ಕೈಗೆ ಬಂದಷ್ಟು ಮೀನು ಬೇರೆ ಯಾವ ಉಪಾಯದಿಂದಲೂ ಬಂದಿಲ್ಲ.

ಮುರ್ಲಿನ ಬಾಯಿಯ ಒಳಭಾಗ ಗಟ್ಟಿ ಎಲುಬು. ಮೊನೆ ಮೊದಲು ಹುಳುವಿನ ಮೈಯಿಂದ ಹೊರಬಂದು, ಆಮೇಲೆ ಆ ಎಲುಬಿಗೆ ನಾಟಬೇಕು. ಉಗುರಿನ ಮೇಲೆ ಮೊನೆ ಇಟ್ಟು ಮೆಲ್ಲಗೆ ಎಳೆದು ನೋಡಿ; ಜಾರಿದರೆ ಅದು ಮೊಂಡಾಗಿದೆ, ಸಣ್ಣ ಕಾನಸಿನಿಂದ ಉಜ್ಜಿ ಹರಿತ ಮಾಡಿ. ದಾರವೂ ಮುಖ್ಯ. ನೈಲಾನ್ ಮೊನೊ ದಾರ ರಬ್ಬರಿನಂತೆ ಹಿಗ್ಗುತ್ತದೆ, ಇಪ್ಪತ್ತು ಮೀಟರು ದೂರದಲ್ಲಿ ನೀವು ಎಷ್ಟೇ ಜೋರಾಗಿ ಎಳೆದರೂ ಆ ಎಳೆತ ಗಾಳಕ್ಕೆ ಪೂರ್ತಿ ಮುಟ್ಟುವುದಿಲ್ಲ. ನಾನು 30 ಪೌಂಡಿನ ಎಳೆತ ತಾಳುವ ಹೆಣೆದ ದಾರ, ಅಂದರೆ ಬ್ರೇಡ್ ಬಳಸುತ್ತೇನೆ. ಅದು ಹಿಗ್ಗುವುದಿಲ್ಲ. ಗಾಳದ ಹತ್ತಿರ ಒಂದು ಮೊಳದಷ್ಟು ದಪ್ಪ ಮೊನೊ ತುಂಡು ಸೇರಿಸಿದರೆ ಹಲ್ಲಿನ ಉಜ್ಜುವಿಕೆಯನ್ನೂ ಜಾಲಿಯ ತೊಗಟೆಯನ್ನೂ ತಡೆಯುತ್ತದೆ. ಬ್ರೇಡ್ ಬಳಸಿದಾಗ ತೆಳುತಂತಿಯ ಗಾಳ ಬೇಡ, ಅದು ನೆಟ್ಟಗಾಗಿಬಿಡುತ್ತದೆ.

ಜಾಲಿಯ ಗಿಡದಲ್ಲಿ ಗುಂಡು ದಾರದ ಮೇಲೆ ಸಡಿಲವಾಗಿ ಓಡಾಡಿದರೆ, ಗುಂಡು ಕೊಂಬೆಯ ಒಂದು ಬದಿಗೆ, ಹುಳು ಇನ್ನೊಂದು ಬದಿಗೆ ಜೋತುಬೀಳುತ್ತದೆ. ಗುಂಡಿನ ತೂತಿನೊಳಗೆ ಹಲ್ಲುಕಡ್ಡಿಯ ತುದಿಯನ್ನು ಸಿಕ್ಕಿಸಿ ಮುರಿದುಬಿಡಿ, ಅಥವಾ ಗುಂಡಿನ ಮೇಲೆ ದಾರಕ್ಕೆ ಸಣ್ಣ ರಬ್ಬರ್ ತಡೆ ಹಾಕಿ. ಗುಂಡು ಹುಳುವಿನ ತಲೆಗೆ ಅಂಟಿಕೊಂಡು ಎರಡೂ ಒಂದೇ ಮೈಯಾಗಿ ಸಂದಿಯಲ್ಲಿ ನುಸುಳುತ್ತವೆ. ಸಿಕ್ಕಿಕೊಂಡರೆ ಜಗ್ಗಬೇಡಿ. ಜಗ್ಗಿದಷ್ಟೂ ಮೊನೆ ಮರಕ್ಕೆ ನಾಟುತ್ತದೆ. ದಾರ ಸಡಿಲು ಬಿಟ್ಟು ತುದಿಯನ್ನು ಸಣ್ಣದಾಗಿ ಅಲುಗಿಸಿದರೆ ಗುಂಡು ತನ್ನ ತೂಕಕ್ಕೆ ತಾನೇ ಹಿಂದೆ ಬಿದ್ದು ಬಿಡಿಸಿಕೊಳ್ಳುತ್ತದೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆಯ ಎರೆಭೂಮಿಯ ಕೆರೆಗಳು ಮೊದಲ ಮಳೆಯ ನಂತರ ಚಹಾದ ಬಣ್ಣಕ್ಕೆ ತಿರುಗಿ ವಾರಗಟ್ಟಲೆ ತಿಳಿಯಾಗುವುದಿಲ್ಲ. ಅಂಥ ನೀರಿನಲ್ಲಿ ಕಪ್ಪು, ಕಡುನೀಲಿ ಹುಳುವಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ನೀರು ತಿಳಿಯಾದಾಗ ಕಲ್ಲಂಗಡಿ ಸಿಪ್ಪೆಯಂಥ ಹಸಿರು, ಕಂದು ಹಸಿರು ಒಳ್ಳೆಯದು. ಹೊಳೆಯುವ ಗುಲಾಬಿ ಬಣ್ಣದ್ದನ್ನು ನಾನು ಎಂದೂ ಕೊಳ್ಳುವುದಿಲ್ಲ.

ಉತ್ತರ: ಸಾಧನಕೇರಿಹತ್ತಿರ (ಧಾರವಾಡ)

ಬಾಗಿದ ಹುಳುಗಳನ್ನು ದಯವಿಟ್ಟು ಬಿಸಾಡಬೇಡಿ. ಒಂದು ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಹುಳುವಿನ ಬಾಲವನ್ನು ಚಿಮಟದಿಂದ ಹಿಡಿದು ಕೆಲವೇ ಕ್ಷಣ ಅದ್ದಿದರೆ ಅದು ಮೆತ್ತಗಾಗಿ ತನ್ನ ಅಚ್ಚಿನ ಆಕಾರಕ್ಕೆ ಮರಳುತ್ತದೆ. ತೆಗೆದು ಸಮತಟ್ಟಾದ ಸ್ಟೀಲ್ ತಟ್ಟೆಯ ಮೇಲೆ ನೆಟ್ಟಗೆ ಮಲಗಿಸಿ, ತಣ್ಣಗಾಗುವವರೆಗೆ ಮುಟ್ಟಬೇಡಿ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಬೇರೆಯೇ ಇಟ್ಟುಬಿಡಿ. ನಾನು ಹಳೆಯ ಇಡ್ಲಿ ಪಾತ್ರೆಯೊಂದನ್ನು ಇದಕ್ಕೆಂದೇ ಇಟ್ಟಿದ್ದೇನೆ.

ಹುಳುಗಳನ್ನು ಅವು ಬಂದ ಪಾಕೀಟಿನಲ್ಲಿಯೇ ಇಡುವುದು ಒಳ್ಳೆಯದು. ಬೇರೆ ಬೇರೆ ಬಣ್ಣದವನ್ನು ಒಂದೇ ಚೀಲಕ್ಕೆ ಹಾಕಿದರೆ ಬಣ್ಣ ಒಂದರಿಂದ ಒಂದಕ್ಕೆ ಹತ್ತುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಕೃತಕ ಮೀನುಗಳ ಜೊತೆ ಇಟ್ಟರೆ ಹುಳುವಿನಲ್ಲಿರುವ ಮೆತ್ತಗಾಗಿಸುವ ಎಣ್ಣೆ ಆ ಬಣ್ಣವನ್ನೂ ಕೆಲವೊಮ್ಮೆ ಡಬ್ಬಿಯನ್ನೂ ತಿಂದುಹಾಕುತ್ತದೆ. ನನ್ನ ಒಂದು ಡಬ್ಬಿಯ ತಳ ಹೀಗೆಯೇ ಅಂಟುಅಂಟಾಗಿ ಕರಗಿ, ನಾಲ್ಕು ಒಳ್ಳೆಯ ಕೃತಕ ಮೀನುಗಳು ಒಂದಕ್ಕೊಂದು ಬೆಸೆದುಕೊಂಡವು. ಏಪ್ರಿಲ್ ತಿಂಗಳಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ. ತಲೆ ಹರಿದ ಹುಳುವನ್ನು ಹರಿದಷ್ಟು ಕತ್ತರಿಸಿ ಮತ್ತೆ ಏರಿಸಬಹುದು. ತಲೆ ಜಾರುತ್ತಿದ್ದರೆ ಗಾಳದ ಮಡಿಕೆಗೆ ಒಂದು ಹನಿ ಫೆವಿಕ್ವಿಕ್ ಹಚ್ಚಿ ಅದರ ಮೇಲೆ ತಲೆ ಕೂರಿಸಿ ಅರ್ಧ ನಿಮಿಷ ಹಿಡಿದರೆ ಸಾಕು.

ಈಗಾಗಲೇ ಹುರಿಗಟ್ಟಿದ ದಾರವನ್ನು ಬಿಡಿಸುವ ಬಗ್ಗೆ ಯಾರೂ ಬರೆಯಲಿಲ್ಲ. ಗಾಳ, ಗುಂಡು ಎಲ್ಲ ಬಿಚ್ಚಿ, ಕೆರೆ ಏರಿಯ ಮೇಲೆ ದಾರದ ತುದಿಯನ್ನು ನೆಲಕ್ಕೆ ಬಿಟ್ಟು, ಐವತ್ತು ಅರವತ್ತು ಮೀಟರು ನಡೆಯುತ್ತ ದಾರ ಬಿಡಿ. ಹುಲ್ಲಿನ ಮೇಲೆ ಎಳೆದಾಡಿದಂತೆ ತುದಿ ಸ್ವತಂತ್ರವಾಗಿ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ದಾರವನ್ನು ಚಿವುಟಿ ಹಿಡಿದು ಬಿಗಿಯಾಗಿ ಸುತ್ತಿಕೊಳ್ಳಿ. ಎಸೆದ ಮೇಲೆ ರೀಲಿನಲ್ಲಿ ದಾರವನ್ನು ಹಿಡಿಯುವ ತಂತಿಯ ಕಮಾನನ್ನು ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿ ಮಾಡಿ ಸುತ್ತಲು ಆರಂಭಿಸಿದರೆ ಹುರಿ ಬಹಳ ಕಡಿಮೆಯಾಗುತ್ತದೆ.

ನನ್ನದೊಂದು ಕಳಕಳಿಯ ಮಾತು. ಈ ಹುಳು ಮಣ್ಣಾಗುವ ವಸ್ತುವಲ್ಲ. ನೀರಿಗೆ ಬಿದ್ದ ತುಂಡನ್ನು ಮೀನು ನುಂಗಿದರೆ ಅದು ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಹರಿದ ತುಂಡುಗಳಿಗೂ ಕತ್ತರಿಸಿದ ದಾರಕ್ಕೂ ಜೇಬಿನಲ್ಲಿ ಒಂದು ಚೀಲ ಇರಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಅದು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಅಂಥ ಕೆರೆಗಳ ಹತ್ತಿರ ರಾಡು ಬಿಚ್ಚಲೇಬಾರದು. ಉಳಿದ ಕೆರೆಗಳಲ್ಲಿಯೂ ಹಕ್ಕಿಯ ಕಾಲಿಗೆ ಸುತ್ತಿದ ಒಂದು ಮಾರು ದಾರ ಅದರ ಪ್ರಾಣ ತೆಗೆಯುತ್ತದೆ. ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಗುಂಪು ಒಂದೇ ಜಾಗದಲ್ಲಿ ನೀರಿನ ಮೇಲೆ ಬಂದು ಹೋಗುವುದು ಕಂಡರೆ ಅದರ ಕೆಳಗೆ ತಂದೆತಾಯಿ ಮುರ್ಲು ಕಾವಲಿರುತ್ತವೆ. ಅಲ್ಲಿ ಏನು ಎಸೆದರೂ ಅವು ಸಿಟ್ಟಿನಿಂದ ಕಚ್ಚುತ್ತವೆ. ಹಿಡಿಯುವುದು ಬಹಳ ಸುಲಭ, ಆದರೆ ಕಾವಲು ಹೋದ ಮರಿಗಳು ಉಳಿಯುವುದಿಲ್ಲ.

ವರದಾದಂಡೆ:

ಧಾರವಾಡದವರ ಮಾತು ನೆನಪಿನಲ್ಲಿಡುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ. ಹುಳುವಿನ ನಡುಮಧ್ಯಕ್ಕೆ ಗಾಳ ಚುಚ್ಚಿ ಎರಡೂ ತುದಿ ಜೋತುಬಿಡುವ ಒಂದು ವಿಧಾನವನ್ನು ವಿಡಿಯೋದಲ್ಲಿ ನೋಡಿದೆ. ಅದು ಇದಕ್ಕಿಂತ ಸುಲಭವಾಗಿ ಕಂಡಿತು. ಹಾಗೆಯೇ, ನಮ್ಮ ಪಕ್ಕದ ಮನೆಯ ಹುಡುಗ ಕೇಳುತ್ತಿದ್ದಾನೆ, ಆ ಬಾಸ್ ಮೀನನ್ನೇ ತಂದು ನಮ್ಮ ಕೆರೆಗೆ ಬಿಟ್ಟರೆ ಆಗುವುದಿಲ್ಲವೇ ಎಂದು.

ಉತ್ತರ: ಉಣಕಲ್ಲದವ

ಮೊದಲು ಗದಗಿನವರಿಗೆ ವಂದನೆ. ಎಣಿಸಿ ಎಳೆಯುವ ವಿಷಯದಲ್ಲಿ ಅವರ ಮಾತನ್ನೇ ಹಿಡಿಯಿರಿ. ನಾನು ಊರಿಗೆ ಮರಳಿದ ಮೇಲೆ ಮುರ್ಲಿಗೆ ರಬ್ಬರ್ ಕಪ್ಪೆಯನ್ನೇ ಹೆಚ್ಚಾಗಿ ಬಳಸಿದವನು, ಹುಳುವಿನ ಮೇಲೆ ಹಿಡಿದದ್ದು ಬೆರಳೆಣಿಕೆಯಷ್ಟು. ಅಭ್ಯಾಸ ಬಲದಿಂದ ಬಾಸಿನ ನಿಯಮವನ್ನೇ ಬರೆದುಬಿಟ್ಟೆ.

ನೀವು ನೋಡಿದ್ದಕ್ಕೆ ವ್ಯಾಕಿ ರಿಗ್ ಎನ್ನುತ್ತಾರೆ. ಉಪ್ಪು ಬೆರೆಸಿ ಭಾರ ಮಾಡಿದ, ಬಾಲವಿಲ್ಲದ ದಪ್ಪ ಹುಳುವಿನ ನಡುವಿಗೆ ರಬ್ಬರ್ ಉಂಗುರ ತೊಡಿಸಿ, ಅದರಡಿಗೆ ಗಾಳ ಸಿಕ್ಕಿಸಿ, ಗುಂಡೇ ಇಲ್ಲದೆ ಬಿಟ್ಟರೆ ಎರಡೂ ತುದಿ ನಡುಗುತ್ತ ಇಳಿಯುತ್ತದೆ. ತಿಳಿನೀರಿನ ಬಾಸಿಗೆ ಅದಕ್ಕಿಂತ ಮಿಗಿಲಾದದ್ದಿಲ್ಲ. ಆದರೆ ಅದರಲ್ಲಿ ಮೊನೆ ಬಯಲಾಗಿರುತ್ತದೆ, ನಿಮ್ಮ ಜಾಲಿಯ ಗಿಡಕ್ಕೆ ಮೊದಲ ಎಸೆತದಲ್ಲಿಯೇ ಅರ್ಪಣೆಯಾಗುತ್ತದೆ. ತೂಬಿನ ಹತ್ತಿರ ಕಳೆಯಿಲ್ಲದ ಬಯಲು ತಳವಿದ್ದರೆ ಅಲ್ಲಿ ಕ್ಯಾರೊಲಿನಾ ರಿಗ್ ಪ್ರಯತ್ನಿಸಿ: ದಾರಕ್ಕೆ ಗುಂಡು, ಒಂದು ಮಣಿ, ಸ್ವಿವೆಲ್ (ಎರಡೂ ತುದಿ ಸ್ವತಂತ್ರವಾಗಿ ತಿರುಗುವ ಕೊಂಡಿ), ಅದರಿಂದಾಚೆಗೆ ಎರಡು ಮೂರು ಅಡಿ ಬೇರೆ ದಾರ, ತುದಿಯಲ್ಲಿ ಹುಳು. ಗುಂಡು ತಳದಲ್ಲಿ ಓಡುತ್ತದೆ, ಹುಳು ಅದರ ಹಿಂದೆ ತೇಲುತ್ತ ಬರುತ್ತದೆ. ಸ್ವಿವೆಲ್ ಇರುವುದರಿಂದ ಹುರಿಯ ಕಾಟವೂ ಕಡಿಮೆ.

ಹುಡುಗನಿಗೆ ಹೀಗೆ ಹೇಳಿ. ಬಾಸ್ ಉತ್ತರ ಅಮೆರಿಕದ ಮೀನು. ಜಪಾನಿನವರು ಅದನ್ನು ತಂದು ಬಿಟ್ಟರು. ಬಿವಾ ಸರೋವರದಲ್ಲಿ ಅದು ಅಲ್ಲಿನ ಮೂಲ ಮೀನುಗಳನ್ನು ತಿಂದು ಬೆಳೆಯಿತು. ಕೊನೆಗೆ ಶಿಗಾ ಪ್ರಾಂತ್ಯದವರು 2003ರಿಂದ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದನ್ನೇ ನಿಷೇಧಿಸಬೇಕಾಯಿತು. ಬೆರಳುದ್ದದ ಕಾಟ್ಲಾ ಮರಿ ಬಿಟ್ಟು ಬದುಕುವ ನಿಮ್ಮ ಕೆರೆಯ ಸಂಘದವರು ಇದನ್ನು ಕೇಳಿದರೆ ನಿಮ್ಮ ಭಾನುವಾರದ ಅನುಮತಿಯನ್ನೂ ಹಿಂದೆ ಪಡೆದಾರು.

ವರದಾದಂಡೆ:

ಈ ಭಾನುವಾರದ ವರದಿ. ಹುಳುಗಳನ್ನು ಬಿಸಿನೀರಿನಲ್ಲಿ ನೆಟ್ಟಗೆ ಮಾಡಿದೆ, ತಲೆಯಿಂದ ಒಂದೂವರೆ ಇಂಚು ಕತ್ತರಿಸಿದೆ, ಹುಬ್ಬಳ್ಳಿಯಿಂದ ತರಿಸಿದ ಐದು ಗ್ರಾಂ ಗುಂಡಿಗೆ ಹಲ್ಲುಕಡ್ಡಿ ಸಿಕ್ಕಿಸಿದೆ. ನಲವತ್ತು ಸಲ ಎಸೆದರೂ ದಾರದಲ್ಲಿ ಒಂದು ಸುರುಳಿ ಬೀಳಲಿಲ್ಲ. ಪಾಚಿ ಪೂರ್ತಿ ತಪ್ಪಲಿಲ್ಲ, ಆದರೆ ಚೂಪು ತುದಿಯ ಮೇಲೆ ಒಂದೆರಡು ಎಳೆ ಅಷ್ಟೇ.

ಏಳೂವರೆಗೆ ಎರಡನೆಯ ಜಾಲಿಯ ಪಕ್ಕದಲ್ಲಿ ಹುಳು ಇಳಿಯುತ್ತಿದ್ದಾಗ ದಾರ ನಿಂತಿತು. ತಳ ಅಷ್ಟು ಬೇಗ ಸಿಗುವುದಿಲ್ಲ ಎಂದು ಗೊತ್ತಿತ್ತು. ತುದಿ ಇಳಿಸಿದೆ. ದಾರ ನೀರನ್ನು ಸೀಳಿಕೊಂಡು ಎಡಕ್ಕೆ ನಡೆಯತೊಡಗಿತು, ಕೈ ನಡುಗುತ್ತಿತ್ತು, ಎರಡರವರೆಗೆ ಎಣಿಸಿ ಎಳೆದೆ. ರಾಡು ಬಾಗಿ ನಿಂತಿತು. ಬ್ರೇಡಿನ ಬಿಗುಪಿಗೆ ಮೀನು ಮುಳ್ಳಿನ ಕಡೆ ತಲೆ ಹಾಕಲು ಆಗಲಿಲ್ಲ, ಜೊಂಡಿನ ಮೇಲೆಯೇ ಜಾರಿಸಿ ದಂಡೆಗೆ ತಂದೆ. ಸಂಘದವರ ತಕ್ಕಡಿಯಲ್ಲಿ ಒಂದು ಕಿಲೋ ಎರಡು ನೂರು ಗ್ರಾಂ. ಗಾಳ ಮೇಲ್ದವಡೆಯ ಮೂಲೆಯಲ್ಲಿ ನಾಟಿತ್ತು, ಹುಳು ದಾರದ ಮೇಲೆ ಒಂದು ಗೇಣು ಮೇಲಕ್ಕೆ ಸರಿದು ಹಾಗೆಯೇ ಉಳಿದಿತ್ತು.

ಎಂಟು ಗಂಟೆಗೆ ಇನ್ನೊಂದು ಹಿಡಿಯಿತು. ಅದಕ್ಕೆ ಮೂರರವರೆಗೆ ಎಣಿಸಿದೆ, ಅದು ಜಾಲಿಯೊಳಗೆ ಹೊಕ್ಕು ದಾರ ಸುತ್ತಿತು. ಮುಂಡರಗಿಯವರು ಎರಡಕ್ಕೇ ನಿಲ್ಲಿಸಿ ಎಂದದ್ದು ಏಕೆಂದು ಆಗ ತಿಳಿಯಿತು. ಬಟ್ಟೆ ಬಿಚ್ಚಿ ಸೊಂಟದ ನೀರಿಗೆ ಇಳಿದು ಗಾಳವನ್ನೂ ಗುಂಡನ್ನೂ ಕೊಂಬೆಗೆ ಸುತ್ತಿದ ದಾರವನ್ನೂ ಬಿಡಿಸಿಕೊಂಡು ಬಂದೆ. ಆ ಪಾಕೀಟಿನಲ್ಲಿ ಇನ್ನು ಐದು ಹುಳು ಉಳಿದಿವೆ. ಇಂಥ ಕಪ್ಪು ಬಣ್ಣದ ಆರು ಇಂಚಿನವು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುತ್ತವೆಯೇ ಎಂದು ತಿಳಿದವರು ಬರೆಯಿರಿ.